ನಾಲ್ಕು ಗಂಟೆಗೆ ಎದ್ದು ಹೋದ ಹೆಂಗಸರು

ಹೊರಡುವ ಮುಂಚೆ

ವಿಯೆಟ್ನಾಮಿಗೆ ಹೋಗ್ತಿದ್ದೀನಿ ಅಂದಾಗ ತ್ಯಾಮಗೊಂಡ್ಲಿನಲ್ಲಿರುವ ನಮ್ಮಮ್ಮ ಮೊದಲು ಕೇಳಿದ್ದು ಇದು. "ಅಲ್ಲಿ ಇನ್ನೂ ಯುದ್ಧ ನಡೀತಾ ಇದ್ಯೇನೇ?" ಅದು ಅಮ್ಮನ ರೇಡಿಯೋ ಕಾಲದ ವಿಯೆಟ್ನಾಂ. ನಿಂತು ಎಷ್ಟೋ ವರ್ಷ ಆಯ್ತಮ್ಮ ಅಂದೆ. "ಹಂಗಾದ್ರೆ ಅಲ್ಲಿ ನಿಂಗೇನು ಕೆಲಸ?" ಅಂದಳು.

ಕೆಲಸ ಇತ್ತು. ನಾನು ಸೋಂಪುರದ ಒಂದು ಕಾರ್ಖಾನೆಯಲ್ಲಿ ಲೈನ್ ಇನ್‌ಚಾರ್ಜ್. ಕಾರಿನೊಳಗೆ ಓಡುವ ವೈರುಗಳನ್ನು ಹಲಗೆಯ ಮೇಲೆ ಅಳತೆಗೆ ಸರಿಯಾಗಿ ಹರಡಿ, ಕಂತೆ ಮಾಡಿ, ಟೇಪು ಸುತ್ತುವ ಕೆಲಸ ನಮ್ಮದು. ಹೂ ಕಟ್ಟಲು ಬರುವವರಿಗೆ ಇದೂ ಬೇಗ ಬರುತ್ತದೆ. ಅದಕ್ಕೇ ಏನೋ, ಲೈನಿನಲ್ಲಿ ನಿಲ್ಲುವವರೆಲ್ಲ ಹೆಂಗಸರು. ನಾನೂ ಅಲ್ಲೇ ನಿಂತು, ಹದಿನಾಲ್ಕು ವರ್ಷ ಟೇಪು ಸುತ್ತಿ, ಆಮೇಲೆ ಮೇಲೆ ಬಂದವಳು. ಹೊಸ ಮಾದರಿಯ ಹಾರ್ನೆಸ್, ಅಂದರೆ ಈ ವೈರಿನ ಕಂತೆ, ನಮ್ಮಲ್ಲಿ ಶುರುವಾಗಬೇಕಿತ್ತು. ಅದನ್ನು ಆಗಲೇ ಮಾಡುತ್ತಿದ್ದ ಕಾರ್ಖಾನೆ ಹನೋಯ್ ಹತ್ತಿರ ಇತ್ತು. ನೋಡಿ ಕಲಿತು ಬನ್ನಿ ಎಂದು ನನ್ನನ್ನೂ ಮೇಂಟೆನೆನ್ಸ್ ನೋಡಿಕೊಳ್ಳುವ ಶಿವಣ್ಣನವರನ್ನೂ ಕಳಿಸಿದರು.

ಹೊರಡುವ ಹಿಂದಿನ ದಿನ ರೂಪ ಬಂದಳು. ನನ್ನ ಲೈನಿನಲ್ಲಿ ಅವಳಷ್ಟು ಚುರುಕು ಕೈ ಇನ್ನೊಂದಿರಲಿಲ್ಲ. ಹೆರಿಗೆಗೆ ಹೋದವಳು ಏಳು ತಿಂಗಳ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಗೇಟಿನ ಹತ್ತಿರ ನಿಂತಿದ್ದಳು.

"ಅಕ್ಕಾ, ವಾಪಸ್ ಬರ್ತೀನಿ. ಒಂದೇ ಒಂದು ಮಾತು. ನಮ್ಮತ್ತೆ ನಾಲ್ಕು ಗಂಟೆವರ್ಗೂ ಮಗೂನ ನೋಡ್ಕೋತಾರೆ. ಆಮೇಲೆ ಹಸು ಕರಿಯೋಕ್ ಹೋಗ್ಬೇಕು. ನಂಗೆ ನಾಲ್ಕಕ್ಕೆ ಬಿಟ್ಬಿಡಿ ಅಕ್ಕಾ, ಒಂದ್ ಗಂಟೆ."

ನಮ್ಮ ಶಿಫ್ಟ್ ಐದಕ್ಕೆ ಮುಗಿಯುತ್ತದೆ. "ಹೋಗ್ಬಂದ್ಮೇಲೆ ನೋಡೋಣ ಕಣಮ್ಮ" ಅಂದೆ. ನಮ್ಮ ಕಾರ್ಖಾನೆಯ ಭಾಷೆಯಲ್ಲಿ 'ನೋಡೋಣ' ಅಂದರೆ 'ಇಲ್ಲ'. ಅದು ನನಗೂ ಗೊತ್ತಿತ್ತು, ರೂಪಳಿಗೂ ಗೊತ್ತಿತ್ತು. ಕೆಲಸ ಕೇಳಿಕೊಂಡು ಬರುವ ಹೆಣ್ಣುಮಕ್ಕಳಿಗೆ ನಾನು ಎಂಟು ವರ್ಷದಿಂದ ಕೇಳುತ್ತಿದ್ದದ್ದು ಇಷ್ಟೇ: ಮಗು ಇದೆಯಾ, ಎಷ್ಟು ದಿನದ್ದು, ನೋಡಿಕೊಳ್ಳುವವರು ಯಾರು? ಉತ್ತರದಲ್ಲಿ ಸ್ವಲ್ಪ ತಡವರಿಸಿದರೂ ಅವರ ಅರ್ಜಿ ಕೆಳಗೆ ಹೋಗುತ್ತಿತ್ತು. ನಾನು ಕೈಗೂಸನ್ನು ಅಮ್ಮನ ಹತ್ತಿರ ಬಿಟ್ಟು ಒಂದು ದಿನವೂ ರಜೆ ಹಾಕದೆ ದುಡಿದವಳು. ಇವರಿಗೇನು ದಾಡಿ ಅನ್ನಿಸುತ್ತಿತ್ತು.

ವಿಮಾನ ನಿಲ್ದಾಣ ನಮ್ಮ ಜಿಲ್ಲೆಯಲ್ಲೇ ಇದೆ. ದೇವನಹಳ್ಳಿ ದಾರಿಯಲ್ಲಿ ನೂರು ಸಲ ಓಡಾಡಿದ್ದೇನೆ. ಒಳಗೆ ಕಾಲಿಟ್ಟದ್ದು ಮಾತ್ರ ಆವತ್ತೇ ಮೊದಲು. ತಪಾಸಣೆಯಲ್ಲಿ ಶಿವಣ್ಣನವರ ಚಟ್ನಿಪುಡಿ ಡಬ್ಬಿ ತೆಗೆಸಿ ಮೂಸಿ ನೋಡಿದ ಹುಡುಗಿ ಆ ಕಡೆಗೆ ತಿರುಗಿ ಮೂರು ಸಲ ಸೀನಿದಳು. "ಹುರುಳಿಕಾಳಿಂದು ಕಣಮ್ಮ, ನಮ್ಮನೆಯೋಳು ಮಾಡಿದ್ದು" ಎಂದು ಅವರು ಹೆಮ್ಮೆಯಿಂದ ಹೇಳಿದರು. ಅವಳು ಕಣ್ಣೊರೆಸಿಕೊಂಡು ಡಬ್ಬಿ ವಾಪಸ್ ಕೊಟ್ಟಳು.

ಹನೋಯ್: ರಸ್ತೆ ದಾಟುವುದು

ಶಿವಣ್ಣನವರ ಬಗ್ಗೆ ಎರಡು ಮಾತು. ಹೊಸಕೋಟೆ ಕಡೆಯವರು, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವರು, ಮಾತಿಗೆ ಖಾರ ಜಾಸ್ತಿ. ನಾನು ಇನ್‌ಚಾರ್ಜ್ ಆದ ಹೊಸದರಲ್ಲಿ ಆರು ತಿಂಗಳು ನನಗೆ ರಿಪೋರ್ಟ್ ಕೊಡುತ್ತಿರಲಿಲ್ಲ. ನನ್ನ ಕೈಕೆಳಗೆ ಲೆಕ್ಕ ಬರೆಯುತ್ತಿದ್ದ ಒಬ್ಬ ಗಂಡಸಿನ ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದರು. ಒಂದು ದಿನ ಆ ಕಾಗದ ತೆಗೆದುಕೊಂಡು ನಾನೇ ಅವರ ಮೇಜಿಗೆ ಹೋಗಿ, "ಇದು ನನ್ನ ಹೆಸರಿಗೆ ಬರ್ಬೇಕಿತ್ತು ಶಿವಣ್ಣ, ದಾರಿ ತಪ್ಪಿದೆ" ಅಂದೆ. ಅಲ್ಲಿಂದ ಈಚೆಗೆ ಸರಿಯಾಯಿತು. ಜನರ ಎದುರು ಈಗ ನನ್ನನ್ನು 'ಮೇಡಮ್ಮೋರೇ' ಅನ್ನುತ್ತಾರೆ. ಅದರಲ್ಲಿ ಮರ್ಯಾದೆ ಎಷ್ಟು, ತಮಾಷೆ ಎಷ್ಟು ಅಂತ ನಾನು ಅಳೆದು ನೋಡಿಲ್ಲ.

ಹನೋಯಿಯ ರಸ್ತೆಯಲ್ಲಿ ಸ್ಕೂಟರುಗಳು ನಮ್ಮೂರ ಕೆರೆ ಕೋಡಿಬಿದ್ದ ಹಾಗೆ ಹರಿಯುತ್ತವೆ. ಅರ್ಧಕ್ಕರ್ಧ ಓಡಿಸುವವರು ಹೆಂಗಸರು. ಬಿಸಿಲಿಗೆ ಹೆದರಿ ತಲೆಯಿಂದ ಪಾದದವರೆಗೆ ಮುಚ್ಚಿಕೊಂಡು, ಕಣ್ಣು ಬಿಟ್ಟರೆ ಇನ್ನೇನೂ ಕಾಣದ ಹಾಗೆ ಹೋಗುತ್ತಾರೆ. ನಾವಿಬ್ಬರೂ ರಸ್ತೆ ಅಂಚಿನಲ್ಲಿ ಕಾಲು ಗಂಟೆ ನಿಂತೆವು. ಶಿವಣ್ಣ ಮೂರು ಸಲ ಕಾಲಿಟ್ಟು ಮೂರು ಸಲ ಹಿಂದಕ್ಕೆ ತೆಗೆದರು. ಆಗ ಹೆಗಲ ಮೇಲೆ ಅಡ್ಡೆ ಹೊತ್ತು ಸೊಪ್ಪು ಮಾರುತ್ತಿದ್ದ ಒಬ್ಬ ಅಜ್ಜಿ ಅವರ ಮಣಿಕಟ್ಟು ಹಿಡಿದುಕೊಂಡು, ಆ ಕಡೆ ಈ ಕಡೆ ನೋಡದೆ ನಡೆದೇಬಿಟ್ಟಳು. ಸ್ಕೂಟರುಗಳು ತಾವಾಗಿ ಸುತ್ತು ಹಾಕಿಕೊಂಡು ಹೋದವು. ನಾನು ಹಿಂದೆ ಓಡಿದೆ. ಶಿವಣ್ಣ ಒಬ್ಬ ಹೆಂಗಸಿನ ಹಿಂದೆ ತುಟಿಪಿಟಕ್ಕೆನ್ನದೆ ನಡೆದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಾರನೇ ಬೆಳಿಗ್ಗೆ ತಿಂಡಿಗೆ ಬಟ್ಟಲು ತುಂಬ ಸಾರು, ಒಳಗೆ ಶಾವಿಗೆಯಂಥದ್ದು, ಮೇಲೆ ಮಾಂಸ. ಯಾವುದರ ಮಾಂಸ? ಕೇಳುವುದಕ್ಕೆ ಭಾಷೆಯಿಲ್ಲ. ಶಿವಣ್ಣ ಎದ್ದು ನಿಂತು ಎರಡೂ ಮೊಣಕೈ ಬಡಿದು "ಕೊಕ್ಕೊಕ್ಕೋ" ಎಂದು ಕೂಗಿ, ಪ್ರಶ್ನೆಯ ಮುಖ ಮಾಡಿದರು. ಅಂಗಡಿಯಾಕೆ ಅಲ್ಲವೆಂದು ತಲೆಯಾಡಿಸಿ "ಅಂಬಾ" ಅಂದಳು. ದನ ಎಲ್ಲ ದೇಶದಲ್ಲೂ ಒಂದೇ ಭಾಷೆ ಆಡುತ್ತದೆ. ನಮ್ಮ ಮುಖ ನೋಡಿ ಬಟ್ಟಲು ಬದಲಾಯಿಸಿ ಕೋಳಿಯದು ತಂದಳು.

ಕಾರ್ಖಾನೆ, ಮೊದಲ ದಿನ

ನಮ್ಮನ್ನು ಬರಮಾಡಿಕೊಂಡವಳು ಲಾನ್. ನನ್ನ ಹಾಗೇ ಲೈನಿನ ಮುಖ್ಯಸ್ಥೆ. ಅವಳದ್ದು ಅವಳೂರಿನ ಇಂಗ್ಲಿಷು, ನನ್ನದು ಸೋಂಪುರದ್ದು. ಎರಡೂ ಸೇರಿ ಕುಂಟುತ್ತಾ ಹೇಗೋ ನಡೆದವು. ಹೆಸರು ಹೇಳಿಕೊಂಡ ಕೂಡಲೇ ಅವಳು ಕೇಳಿದ್ದು ನನ್ನ ವಯಸ್ಸು. ನಾನು ಸ್ವಲ್ಪ ಮುಖ ಬಿಗಿಮಾಡಿದೆ. ನಲವತ್ತೆಂಟು ಅಂದೆ. ಅವಳಿಗೆ ನಲವತ್ತೈದು. "ಹಾಗಾದರೆ ನೀನು ಚಿ" ಅಂದಳು.

"ಏನ್ ಮೇಡಮ್ಮೋರೇ," ಶಿವಣ್ಣ ಕಿವಿಯ ಹತ್ತಿರ ಬಂದರು, "ಬಂದ್ ದಿನವೇ ಛೀ ಅಂತಾವ್ಳಲ್ಲ!"

ಚಿ ಅಂದರೆ ಅಕ್ಕ. ಚಿಕ್ಕವರಿಗೆ ಎಮ್. ವಯಸ್ಸು ತಿಳಿಯದೆ ಅವರ ಭಾಷೆಯಲ್ಲಿ 'ನೀನು' ಅನ್ನುವುದಕ್ಕೂ ಆಗುವುದಿಲ್ಲವಂತೆ. ನಮ್ಮಲ್ಲೂ ಅಕ್ಕ, ತಂಗಿ ಎಲ್ಲ ಇದೆ. ಆದರೆ ಕುರ್ಚಿ ಬಂದ ಮೇಲೆ ನಾನು ಹೆಚ್ಚಿನವರಿಗೆ ಮೇಡಂ ಆದೆ. ಲಾನ್‌ಗಿಂತ ಮೇಲಿನ ಗಂಡಸರೂ ವಯಸ್ಸಿನಲ್ಲಿ ಚಿಕ್ಕವರಾದರೆ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು.

ಲೈನಿನ ಪಕ್ಕದ ಗೋಡೆಯ ಮೇಲೆ ಒಂದು ದೊಡ್ಡ ಪಟ್ಟಿ. ಎಡಗಡೆ ಒಬ್ಬೊಬ್ಬರ ಫೋಟೋ. ಎದುರಿಗೆ ಒಂದೊಂದು ಕೆಲಸಕ್ಕೂ ಒಂದು ಸುತ್ತು. ಕೆಲಸ ಸ್ವಲ್ಪ ಬಂದರೆ ಕಾಲು ಭಾಗ ಕಪ್ಪು, ಪೂರ್ತಿ ಬಂದರೆ ಪೂರ್ತಿ ಕಪ್ಪು. ಬಿದಿಗೆ ಚಂದ್ರನಿಂದ ಹುಣ್ಣಿಮೆವರೆಗೆ. ನಮ್ಮಲ್ಲಿ ಯಾರಿಗೆ ಏನು ಬರುತ್ತದೆ ಎನ್ನುವುದು ನನ್ನ ತಲೆಯಲ್ಲಿ ಮಾತ್ರ ಇತ್ತು. ನಾನು ರಜೆ ಹಾಕದಿರುವುದಕ್ಕೆ ಅದೂ ಒಂದು ಕಾರಣ.

ಮಧ್ಯಾಹ್ನ ಊಟವಾದ ಮೇಲೆ ಇನ್ನೊಂದು ಸೋಜಿಗ. ದೀಪಗಳೆಲ್ಲ ಆರಿದವು. ಕರೆಂಟ್ ಹೋಯ್ತು ಅಂದುಕೊಂಡು ಶಿವಣ್ಣ ಅಭ್ಯಾಸಬಲದಿಂದ ಎದ್ದರು. ನೋಡಿದರೆ ಎಲ್ಲರೂ ಚಾಪೆ ಬಿಡಿಸಿ ಲೈನಿನ ಪಕ್ಕದಲ್ಲೇ ಮಲಗುತ್ತಿದ್ದಾರೆ. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. ಐದು ನಿಮಿಷದಲ್ಲಿ ಇಡೀ ಕಾರ್ಖಾನೆ ನಿದ್ದೆ. ನಮ್ಮಲ್ಲಿ ಊಟದ ಹೊತ್ತಿನಲ್ಲಿ ಗೋಡೆಗೆ ಒರಗಿದವಳನ್ನೂ ನಾನು ಎಬ್ಬಿಸಿದ್ದೇನೆ. ಇಲ್ಲಿ ಗಂಟೆ ಹೊಡೆದಾಗ ಎದ್ದವರ ಮುಖ ತೊಳೆದಿಟ್ಟ ಹಾಗಿತ್ತು. ಶಿವಣ್ಣನವರನ್ನು ಎಬ್ಬಿಸಲು ಮಾತ್ರ ಇಬ್ಬರು ಬೇಕಾದರು.

ಮೂರನೆಯ ದಿನ, ಸಂಜೆ

ಮೂರನೆಯ ದಿನ ಲೈನಿನ ಕೊನೆಯಲ್ಲಿ ನಿಂತು ಟೇಪು ಸುತ್ತುವ ರೀತಿ ಬರೆದುಕೊಳ್ಳುತ್ತಿದ್ದೆ. ಗಡಿಯಾರ ನಾಲ್ಕು ತೋರಿಸಿತು. ಐದು ಜನ ಹೆಂಗಸರು ಕೆಲಸ ಬಿಟ್ಟು, ಕೈಗವಸು ತೆಗೆದು, ಹೊರಟೇಹೋದರು. ಜಗಳವಾಗಿರಬೇಕು ಅಂದುಕೊಂಡೆ. ನಮ್ಮಲ್ಲಿ ಹೀಗೆ ಐದು ಜನ ಒಟ್ಟಿಗೆ ಎದ್ದರೆ ಅದು ಜಗಳವೇ. ಆದರೆ ಯಾರೂ ತಲೆ ಎತ್ತಿ ಸಹ ನೋಡಲಿಲ್ಲ. ಬೇರೆ ಐದು ಜನ ಬಂದು ಆ ಜಾಗದಲ್ಲಿ ನಿಂತರು. ಲೈನು ನಿಲ್ಲಲಿಲ್ಲ.

ಲಾನ್ ಹತ್ತಿರ ಓಡಿದೆ. "ಅವರೆಲ್ಲಿ ಹೋದರು?"

"ಮನೆಗೆ. ಅವರಿಗೆ ಪುಟ್ಟ ಮಕ್ಕಳಿವೆ. ಮಗುವಿಗೆ ಒಂದು ವರ್ಷ ಆಗುವ ತನಕ ದಿನಕ್ಕೆ ಒಂದು ಗಂಟೆ ಬಿಡುವು. ಅದು ನಿಯಮ."

"ಸಂಬಳ?"

"ಅದೇ ಸಂಬಳ."

"ದಿನಕ್ಕೆ ಇಷ್ಟು ಪೀಸು ಅನ್ನೋ ಲೆಕ್ಕ ಕಡಿಮೆ ಆಗಲ್ವಾ?"

ಅವಳು ಗೋಡೆಯ ಪಟ್ಟಿ ತೋರಿಸಿದಳು. ಬಂದು ನಿಂತ ಐದು ಜನರ ಫೋಟೋ ಎದುರಿಗೆ ಸಾಲಾಗಿ ಹುಣ್ಣಿಮೆ. "ಅವರಿಗೆ ಎಲ್ಲ ಕೆಲಸವೂ ಗೊತ್ತು. ಯಾರು ಹೋದರೂ ತುಂಬುತ್ತಾರೆ. ಮಗು ಇದ್ದರೂ ಜನ ಹೋಗ್ತಾರೆ, ಜ್ವರ ಬಂದರೂ ಹೋಗ್ತಾರೆ. ಹೋಗದೇ ಇರೋ ಕೆಲಸಗಾರರು ಎಲ್ಲಿದ್ದಾರೆ ಚಿ?"

ಇಲ್ಲೊಂದು ಮಾತು ಮುಚ್ಚಿಡಬಾರದು. ಹಾಲೂಡಿಸುವ ತಾಯಂದಿರಿಗೆ ಕೆಲಸದ ನಡುವೆ ಬಿಡುವು ಕೊಡಬೇಕು ಎನ್ನುವುದು ನಮ್ಮ ದೇಶದ ಕಾಯಿದೆಯಲ್ಲೂ ಇದೆ. ನಮ್ಮ ಕಾರ್ಖಾನೆಯ ನೋಟೀಸ್ ಬೋರ್ಡಿನಲ್ಲೂ ಒಂದು ಕಾಗದ ಅಂಟಿಸಿದೆ, ಇಂಗ್ಲಿಷಿನಲ್ಲಿ. ಬೇಕಾದವರಿಗೆ ಓದಲು ಬರುವುದಿಲ್ಲ, ಓದಲು ಬರುವವರು ಹೇಳುವುದಿಲ್ಲ. ಓದಿಯೂ ಹೇಳದವರಲ್ಲಿ ನಾನೊಬ್ಬಳು.

ಐದನೆಯ ದಿನ: ನನ್ನ ಬಾಯಿ

ಕಲಿತದ್ದನ್ನು ಮಾಡಿ ತೋರಿಸಿ ಎಂದು ಐದನೆಯ ದಿನ ಆರು ಜನರ ಒಂದು ಚಿಕ್ಕ ಲೈನನ್ನು ನನ್ನ ಕೈಗೆ ಕೊಟ್ಟರು. ಅಲ್ಲಿ ಹ್ವಾ ಎಂಬ ಹುಡುಗಿ ಇದ್ದಳು. ಅವರ ಭಾಷೆಯಲ್ಲಿ ಹ್ವಾ ಅಂದರೆ ಹೂವು, ನಮ್ಮೂರ ಹೂವಮ್ಮ ಅನ್ನಿ. ಅವಳ ಟೇಪಿನ ಸುತ್ತು ಮತ್ತೆ ಮತ್ತೆ ಸಡಿಲವಾಗುತ್ತಿತ್ತು. ಎರಡು ಸಲ ಕೈಯಲ್ಲಿ ತೋರಿಸಿದೆ. ಮೂರನೆಯ ಸಲ ನನ್ನ ಒಳಗಿನ ಸೋಂಪುರ ಹೊರಗೆ ಬಂತು.

"ಏನಮ್ಮಾ, ಕಣ್ ಕಾಣಲ್ವಾ ನಿಂಗೆ? ಎಷ್ಟ್ ಸಲ ಬಡ್ಕೊಳ್ಳೋದು!" ಎಂದು ಕೂಗಿ, ಅವಳ ಕೈಯಲ್ಲಿದ್ದ ಕಂತೆ ಕಿತ್ತು ಹಲಗೆಯ ಮೇಲೆ ಬಿಸಾಕಿದೆ.

ಕನ್ನಡ ಯಾರಿಗೂ ಗೊತ್ತಿರಲಿಲ್ಲ. ಬೈಗುಳ ಎಲ್ಲರಿಗೂ ಗೊತ್ತಾಯಿತು. ಆರೂ ಜನರ ಕೈ ನಿಂತವು. ಪಕ್ಕದ ಲೈನಿನವರೂ ತಿರುಗಿದರು. ಹ್ವಾಳ ಮುಖ ಕೆಂಪಾಯಿತು, ಎರಡೂ ಕೈ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಆಗ ಕಂಡಿತು ನನಗೆ. ಸಡಿಲ ಅಂಗಿಯ ಒಳಗೆ ಐದಾರು ತಿಂಗಳ ಹೊಟ್ಟೆ. ಹಲಗೆಯ ತುದಿ ಅವಳ ಕೈಗೆ ಎಟುಕುತ್ತಿರಲಿಲ್ಲ. ಟೇಪು ಸಡಿಲವಾಗುತ್ತಿದ್ದದ್ದು ಅದಕ್ಕೆ.

ಲಾನ್ ಬಂದಳು. ಹಲಗೆಯ ಕೆಳಗಿನ ಒಂದು ಹಿಡಿಕೆ ತಿರುಗಿಸಿ ಅದನ್ನು ನಾಲ್ಕು ಬೆರಳು ಕೆಳಕ್ಕೆ ಇಳಿಸಿ, ಹ್ವಾಳ ಕಡೆಗೆ ಬಾಗಿಸಿದಳು. ಆಮೇಲೆ ನನ್ನನ್ನು ಹೊರಗೆ ಕರೆದು ಮೆಲ್ಲಗೆ ಹೇಳಿದಳು: "ಇಲ್ಲಿ ನಾಲ್ಕು ಜನರ ಎದುರು ಗದರುವುದಿಲ್ಲ ಚಿ. ಬೇಜಾರಾದರೆ ಅವಳು ನಾಳೆಯೇ ಇದನ್ನು ಬಿಟ್ಟು ಎದುರಿನ ಕಾರ್ಖಾನೆಗೆ ಹೋಗಿಬಿಟ್ಟಾಳು. ಅವರು ತೆಗೆದುಕೊಳ್ಳುತ್ತಾರೆ."

ಶಿವಣ್ಣ ಎಲ್ಲ ನೋಡಿದ್ದರು. ಹತ್ತಿರ ಬಂದು, "ಗಾಯತ್ರಮ್ಮ, ಹಲಗೆ ಇಳಿಸ್ಬೋದು ಅಂತ ನಂಗೂ ಹೊಳೀಲಿಲ್ಲ ನೋಡಿ. ಮೆಕ್ಯಾನಿಕ್ ನಾನು" ಅಂದರು. ಅಷ್ಟು ವರ್ಷದಲ್ಲಿ ಅವರು ನನ್ನ ತಪ್ಪಿನಲ್ಲಿ ಪಾಲು ತೆಗೆದುಕೊಂಡದ್ದು ಅದೊಂದೇ ಸಲ.

ಮಧ್ಯಾಹ್ನ ದೀಪ ಆರಿದಾಗ ಹ್ವಾ ಮಲಗುವ ಜಾಗ ಹುಡುಕಿಕೊಂಡು ಹೋದೆ. ಲಾನ್ ಹತ್ತಿರ ಮೂರು ಪದ ಬಾಯಿಪಾಠ ಮಾಡಿಕೊಂಡಿದ್ದೆ: ಸಿನ್ ಲೋಯ್ ಎಮ್. ತಪ್ಪಾಯ್ತು ತಂಗೀ. ಎಂಟು ವರ್ಷದಲ್ಲಿ ನನ್ನ ಲೈನಿನ ಯಾರಿಗೂ ನಾನು ಹೇಳದ ಮಾತು. ಅವಳು ಎದ್ದು ಕೂತು ಕೇಳಿಸಿಕೊಂಡಳು. ಏನೋ ಹೇಳಿದಳು, ಅದರಲ್ಲಿ 'ಚಿ' ಅನ್ನುವುದೊಂದೇ ನನಗೆ ತಿಳಿದದ್ದು. ಆಮೇಲೆ ಪಕ್ಕಕ್ಕೆ ಸರಿದು, ಚಾಪೆಯ ಅರ್ಧವನ್ನು ಕೈಯಿಂದ ತಟ್ಟಿದಳು. ನಾನು ಮಲಗಿದೆ.

ನಿದ್ದೆ ಬರಲಿಲ್ಲ. ನನ್ನ ಮಗಳಿಗೆ ಐದು ತಿಂಗಳಾದಾಗ ನಾನು ಲೈನಿಗೆ ವಾಪಸ್ ಬಂದದ್ದು ನೆನಪಾಯಿತು. ಮಧ್ಯಾಹ್ನದ ಹೊತ್ತಿಗೆ ರವಿಕೆ ನೆನೆದುಹೋಗುತ್ತಿತ್ತು. ಶೌಚಾಲಯಕ್ಕೆ ಹೋಗಿ ಹಾಲು ಹಿಂಡಿ ಚೆಲ್ಲಿ, ಕರ್ಚೀಫು ಮಡಚಿ ಒಳಗಿಟ್ಟುಕೊಂಡು ಬರುತ್ತಿದ್ದೆ. ಒಂದು ದಿನ ಸೂಪರ್‌ವೈಸರು, "ಏನಮ್ಮಾ, ದಿನಾ ಹತ್ತ್ ನಿಮಿಷ ಒಳಗೇನ್ ನಿದ್ದೆ ಮಾಡ್ತೀಯಾ?" ಎಂದು ಎಲ್ಲರ ಎದುರು ಕೇಳಿದರು. ಅವತ್ತಿನಿಂದ ಹೋಗುವುದನ್ನೂ ಬಿಟ್ಟೆ. ಮೂರು ವಾರಕ್ಕೆ ಹಾಲೇ ಬತ್ತಿತು. ಇಷ್ಟು ವರ್ಷ ಈ ಕಥೆಯನ್ನು ನಾನು ಹುಡುಗಿಯರಿಗೆ ಹೇಳುತ್ತಿದ್ದದ್ದು ನನ್ನ ಗಟ್ಟಿತನಕ್ಕೆ ಉದಾಹರಣೆಯಾಗಿ. ಆ ಚಾಪೆಯ ಮೇಲೆ ಮೊದಲ ಸಲ ಅದು ನಷ್ಟದ ಕಥೆಯಾಗಿ ಕಾಣಿಸಿತು.

ಭಾನುವಾರ, ಲಾನ್ ಮನೆ

ಭಾನುವಾರ ಲಾನ್ ಊಟಕ್ಕೆ ಕರೆದಳು. ಅಡಿಗೆ ಅವಳ ಗಂಡನದು. ಅನ್ನ, ಬೇಯಿಸಿದ ಸೊಪ್ಪು, ಕೋಳಿ. ಶಿವಣ್ಣ ಚಟ್ನಿಪುಡಿ ತೆಗೆದು ಎಲ್ಲರಿಗೂ ಬಡಿಸಿದರು. ಲಾನಳ ಗಂಡ ಒಂದು ಚಮಚ ಬಾಯಿಗೆ ಹಾಕಿಕೊಂಡು, ಮರ್ಯಾದೆಗೆ ನಕ್ಕು, ಎರಡು ಲೋಟ ನೀರು ಕುಡಿದ.

ಇಲ್ಲಿಯ ಹೆಂಗಸರಿಗೆ ಎಲ್ಲ ಸಲೀಸು ಎಂದು ಬರೆದುಬಿಡಬಹುದಿತ್ತು, ಲಾನ್ ಬಾಯಿಬಿಡದೇ ಇದ್ದಿದ್ದರೆ. ಅವಳು ಕೆಲಸಕ್ಕೆ ಸೇರುವಾಗ ಎರಡು ವರ್ಷ ಮಗು ಬೇಡ ಎಂದು ಒಪ್ಪಿಸಿ ಸೇರಿಸಿಕೊಂಡಿದ್ದರಂತೆ. ಆಮೇಲೆ ಹುಟ್ಟಿದ ಮಗ ಹಳ್ಳಿಯಲ್ಲಿ ಅಜ್ಜಿಯ ಹತ್ತಿರ ಬೆಳೆದ. ಚಿಕ್ಕವನಿದ್ದಾಗ ಅವಳನ್ನು ಕಂಡರೆ ಅಜ್ಜಿಯ ಹಿಂದೆ ಅಡಗುತ್ತಿದ್ದನಂತೆ. "ನನ್ನ ಮೇಲಿನವರೆಲ್ಲ ಗಂಡಸರು. ಕೆಳಗೆ ಹೆಂಗಸರು, ಮೇಲೆ ಗಂಡಸರು. ನಿಮ್ಮಲ್ಲಿ?"

"ನಮ್ಮಲ್ಲೂ ಹಾಗೇ" ಅಂದೆ. ಇಬ್ಬರೂ ನಕ್ಕೆವು.

"ಮತ್ತೆ ಈಗ ಬದಲಾಗಿದ್ದು ಹೇಗೆ? ನಿಮ್ಮ ಮೇಲಿನವರಿಗೆ ಕರುಣೆ ಬಂತಾ?" ಎಂದು ಕೇಳಿದೆ.

"ಕರುಣೆ ಅಲ್ಲ ಚಿ. ಜನ ಸಿಗುತ್ತಿಲ್ಲ. ಹ್ವಾ ಹೋದರೆ ಇನ್ನೊಬ್ಬಳ ಕೈ ತಯಾರಾಗಲು ಮೂರು ತಿಂಗಳು. ಮೊದಲು ಅದಕ್ಕೇ ಕೊಟ್ಟರು. ಕೊಟ್ಟ ಮೇಲೆ ರೂಢಿಯಾಯಿತು. ಈಗ ಯಾರಾದರೂ ತೆಗೆದರೆ ಗಂಡಸರೂ ಜಗಳಕ್ಕೆ ಬರುತ್ತಾರೆ, ಅವರ ಹೆಂಡಂದಿರೂ ಇಲ್ಲೇ ಇದ್ದಾರಲ್ಲ."

"ಹೊಸಬರನ್ನು ತೆಗೆದುಕೊಳ್ಳುವಾಗ ಏನು ಕೇಳ್ತೀರಿ?"

"ವೈರಿನ ಬಣ್ಣ ಗುರುತು ಹಿಡೀತಾರಾ, ಬೆರಳು ಚುರುಕಾ, ಅಷ್ಟೇ. ನೀನು?"

ನಾನು ಚಹಾ ಕುಡಿದೆ.

ಸೋಂಪುರ

ವಾಪಸ್ ಬಂದ ಎರಡನೆಯ ದಿನ ನಮ್ಮ ಪ್ಲಾಂಟ್ ಮುಖ್ಯಸ್ಥರ ಎದುರು ಕೂತೆವು. ಹೊಸ ಹಾರ್ನೆಸ್ ಬಗ್ಗೆ ಹೇಳಿ ಮುಗಿಸಿ, ಗೋಡೆಯ ಪಟ್ಟಿಯ ಬಗ್ಗೆ ಹೇಳಿ, ಒಂದು ಗಂಟೆಯ ವಿಷಯ ತೆಗೆದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳ್ತಾರಲ್ಲ ಗಾಯತ್ರಿ?"

"ಕೇಳಲಿ ಸರ್. ಅದು ಎಲ್ಲರಿಗೂ ಅಂತಾನೇ ಇರೋದು."

"ದಿನಕ್ಕೆ ಒಂದು ಗಂಟೆ ಅಂದ್ರೆ ತಮಾಷೆನಾ?"

ಆಗ ಶಿವಣ್ಣ ಗಂಟಲು ಸರಿ ಮಾಡಿಕೊಂಡರು. "ಸಾರ್, ನನ್ ಫಿಟ್ಟರ್‌ಗಳು ಸಿಗರೇಟ್ ಸೇದೋಕ್ ಹೋಗೋ ಹೊತ್ತನ್ನೆಲ್ಲ ಕೂಡ್ಸಿದ್ರೆ ದಿನಕ್ಕೆ ಒಂದ್ ಗಂಟೆ ಮೇಲೇ ಆಯ್ತದೆ. ಇವತ್ತಿನವರೆಗೆ ಅದನ್ನ ಯಾರೂ ರಜಾ ಅಂತ ಬರ್ದಿಲ್ಲ."

ಮುಖ್ಯಸ್ಥರಿಗೆ ನಗು ಬಂತು. ಮೂರು ತಿಂಗಳು ಮಾಡಿ ನೋಡಿ, ಕೆಲಸ ಕಡಿಮೆಯಾದರೆ ನಿಲ್ಲಿಸ್ತೀನಿ ಅಂದರು.

ಅವತ್ತು ಸಂಜೆಯೇ ರೂಪಳ ಮನೆಗೆ ಹೋದೆ. ತ್ಯಾಮಗೊಂಡ್ಲು ದಾಟಿ ಎರಡು ಮೈಲಿ. ಮಗುವಿಗೆ ರಾಗಿ ಸರಿ ತಿನ್ನಿಸುತ್ತಿದ್ದಳು. ವಿಷಯ ಹೇಳಿದೆ. ಅವಳು ಕುಣಿದಾಡುತ್ತಾಳೆ ಅಂದುಕೊಂಡಿದ್ದೆ. ಚಮಚ ಕೆಳಗಿಟ್ಟು ಕೇಳಿದಳು:

"ನಂಗೊಬ್ಳಿಗಾ ಅಕ್ಕಾ, ಎಲ್ಲಾರ್ಗೂನಾ?"

"ಎಲ್ಲರಿಗೂ. ಮಗು ಇರೋ ಎಲ್ಲರಿಗೂ."

"ಹಂಗಾದ್ರೆ ಬರ್ತೀನಿ. ನಂಗೊಬ್ಳಿಗೆ ಅಂದಿದ್ರೆ ಆಯ್ತಿರ್ಲಿಲ್ಲ. ದಿನಾ ನಾಲ್ಕಕ್ಕೆ ಎಲ್ಲಾರ್ ಕಣ್ಣೂ ನನ್ ಬೆನ್ ಮೇಲಿರ್ತಿತ್ತು." ಅವಳು ಹತ್ತಿರದ ಗುಲಾಬಿ ಪಾಲಿಹೌಸಿನಲ್ಲಿ ಹೂ ಕೊಯ್ಯುವುದಕ್ಕೆ ಸೋಮವಾರದಿಂದ ಬರ್ತೀನಿ ಎಂದು ಹೇಳಿ ಆಗಿತ್ತು. ನಾನು ಎರಡು ದಿನ ತಡ ಮಾಡಿದ್ದರೆ ಮುಗಿದಿತ್ತು.

ಮೊದಲ ದಿನ ನಾಲ್ಕು ಗಂಟೆಗೆ ಎಲ್ಲರ ಕಣ್ಣೂ ಹೇಗೂ ಅವಳ ಬೆನ್ನ ಮೇಲೇ ಇತ್ತು. ಬಿಡುವು ಸಿಕ್ಕಿದ್ದ ಇನ್ನಿಬ್ಬರು ತಾಯಂದಿರು ಮೊದಲು ರೂಪ ಏಳಲಿ ಎಂದು ಕಾದರು. ರೂಪ ಕೈಗವಸು ತೆಗೆದು ಮತ್ತೆ ಹಾಕಿಕೊಂಡಳು. ಅಷ್ಟರಲ್ಲಿ ಲೈನಿನ ಆ ತುದಿಯಿಂದ ಜಯಮ್ಮ ಬಂದಳು. ನಾನೂ ಜಯಮ್ಮನೂ ಒಂದೇ ವಾರದಲ್ಲಿ ಕೆಲಸಕ್ಕೆ ಸೇರಿದವರು. ಅವಳು ಲೈನಿನಲ್ಲೇ ಉಳಿದಳು, ಮೂವರು ಮಕ್ಕಳನ್ನು ಹೆತ್ತು ಸಾಕಿದಳು. ಜನರ ಎದುರು ನನ್ನನ್ನು ಮೇಡಂ ಎನ್ನುವವಳು ಅವತ್ತು ಹಾಗೆ ಅನ್ನಲಿಲ್ಲ.

"ಏನ್ ಗಾಯತ್ರಿ, ಆವಾಗ ನಮ್ಗೇನು ಮಕ್ಳಿರ್ಲಿಲ್ವಾ?"

"ಇದ್ವು ಕಣೆ ಜಯಮ್ಮ. ನಮ್ಗೆ ಯಾರೂ ಕೊಡ್ಲಿಲ್ಲ."

"ಆವಾಗಿನ ಮಾತ್ ಬಿಡು. ನೀನ್ ಮೇಲೆ ಬಂದು ಎಂಟ್ ವರ್ಷ ಆಯ್ತು. ನನ್ ಕಿರಿಯವ್ನು ಹುಟ್ಟಿದ್ದು ಆಮೇಲೆ. ನಿನ್ ಹತ್ರಾನೇ ಬಂದು ಕೇಳಿದ್ದೆ. ನೋಡೋಣ ಅಂದೆ."

ನನಗೆ ಅದು ನೆನಪೇ ಇರಲಿಲ್ಲ. ಎಷ್ಟು ಜನಕ್ಕೆ ಅಂದಿದ್ದೆನೋ. ಇಡೀ ಲೈನು ನನ್ನ ಬಾಯಿ ನೋಡುತ್ತಿತ್ತು.

"ಹೌದು, ಕೊಡ್ಲಿಲ್ಲ. ತಪ್ಪಾಯ್ತು ಜಯಮ್ಮ" ಅಂದೆ. ಎಲ್ಲರ ಎದುರಿಗೇ ಅಂದೆ.

ಜಯಮ್ಮನ ಕೋಪ ಇಳಿದಿರಲಿಲ್ಲ. ಇಳಿಯಬೇಕು ಅಂತಲೂ ಇಲ್ಲ. ಆಮೇಲೆ ಸೆರಗು ಸಿಕ್ಕಿಸಿಕೊಂಡು, ರೂಪಳನ್ನು ಭುಜದಿಂದ ಸರಿಸಿ, ಅವಳ ಹಲಗೆಯ ಮುಂದೆ ಬಂದು ನಿಂತಳು.

"ಹೋಗೇ, ಮಗು ಕಾಯ್ತಾ ಇರ್ತದೆ," ಅಂದಳು. "ನೀಲಿ ವೈರು ಎಲ್ಲೀವರ್ಗೂ ಸುತ್ತಿದ್ದೀಯಾ, ಅದೊಂದು ತೋರ್ಸ್ಬಿಟ್ಟು ಹೋಗು."